ಗೋದಾಳ ಬಿಲ್ಲೆ

ಹಡಪಸರದ ಆ ಹತ್ತಿ ಗಿರಣಿಯ ಮ್ಯಾನೇಜರ್ ಅವಧೂತರಾಯರಷ್ಟು ಮರ್ಯಾದಸ್ಥರನ್ನು ನಾನು ಕಂಡಿಲ್ಲ. ಕಾಣುವ ಆಸೆಯೂ ಇಲ್ಲ.

ಸನ್ ಮೂವತ್ತಾರರ ಮಾತು. ನಾನು ಪುಣೆಯ ಬೆಂಕಿ ಆರಿಸುವ ಬಂಬಿನ ದಳದಲ್ಲಿ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ, ಗಿರಣಿಯ ಮೇಲಿನ ನೀರಿನ ಟಾಕಿ ಒಡೆದು ಛಾವಣಿ ಸಮೇತ ನೂಲು ಸುತ್ತುವ ಹೆಂಗಸರ ಮೇಲೆ ಬಿದ್ದಿದೆ ಎಂದು ಕರೆ ಬಂತು. ನಾವು ಐದು ಜನ ಹಾರೆ, ಹಗ್ಗ ಹಿಡಿದು ಓಡಿದೆವು. ಒಳಗೆ ಚೀರಾಟ. ಬಾಗಿಲಿಗೆ ಬೀಗ. ಬೀಗದ ಕೈ ರಾಯರ ಕೋಟಿನ ಕಿಸೆಯಲ್ಲಿ.

ಆ ಗಿರಣಿಯಲ್ಲಿ ಹೆಂಗಸರು ಝಡತಿ, ಎಂದರೆ ಮೈ ತಪಾಸಣೆ, ಕೊಡದೆ ಹೊರಗೆ ಬರುವಂತಿರಲಿಲ್ಲ. ಸೆರಗು, ನಡು ತಡವಿ, ನೂಲು ಕದ್ದಿಲ್ಲವೆಂದು ನೋಡುವುದಕ್ಕೆ ಗೋದಾ ಎಂಬವಳಿದ್ದಳು. ಎದೆಗೆ ಗಿರಣಿಯ ಹಿತ್ತಾಳೆ ಬಿಲ್ಲೆ ಚುಚ್ಚಿಕೊಂಡು ಬಾಗಿಲಲ್ಲಿ ನಿಲ್ಲುವುದೇ ಅವಳ ನೌಕರಿ.

"ಗೋದಾ ಊಟಕ್ಕ ಮನಿಗೆ ಹೋಗ್ಯಾಳ. ಕರೀಲಿಕ್ಕೆ ಮಂದಿ ಕಳಿಸೇನಿ," ಎಂದರು ರಾಯರು. "ಆಕಿ ಬರ್ಲಿ, ಆಮ್ಯಾಲ ಬಾಗ್ಲಾ ತಗಸ್ತೇನಿ."

ನಮ್ಮ ಜಮಾದಾರ ನಿಜಲಿಂಗಪ್ಪ ಕೈ ಮುಗಿದ. "ಸಾಹೇಬ್ರ, ಒಳಗ ಜೀವ ಹೊಂಟಾವ್ರಿ."

"ಹಂಗಂತ ಹೆಣ್ಮಕ್ಕಳ ಮೈ ಗಂಡಸ್ರು ತಡವಬೇಕೇನು? ರೀತಿ ರಿವಾಜು ಅಂತ ಒಂದ ಅದನೋ ಇಲ್ಲೋ?"

ಎಂಥ ಶೀಲವಂತರು! ತಲೆಯ ರುಮಾಲಿನ ಒಂದು ಮಡಿಕೆಯೂ ಕೆಟ್ಟಿರಲಿಲ್ಲ.

ನಾವೇನು ಕಡಿಮೆಯೇ? ದೊಡ್ಡ ಮನುಷ್ಯರ ಮಾತೆಂದು ಹಾರೆ ನೆಲಕ್ಕೂರಿ ನಿಂತೆವು. ಒಳಗಿನ ದನಿಗಳಲ್ಲಿ ಒಂದು ನಿಂತುಹೋದ ಮೇಲೆ ನಿಜಲಿಂಗಪ್ಪನಿಗೆ ರೋಷ ಬಂತು. ರಾಯರನ್ನು ಪಕ್ಕಕ್ಕೆ ನೂಕಿ ಬೀಗ ಒಡೆದ. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಆ ಕಾಲು ಗಂಟೆಗಾಗಿ ಇಂದಿಗೂ ನನಗೆ ನನ್ನ ಮೇಲೆಯೇ ಹೇಸಿಕೆ.

ಮುರಿದ ತೊಲೆಗಳನ್ನು ಎತ್ತಿ, ಬದುಕಿದ್ದ ಹನ್ನೊಂದು ಹೆಂಗಸರನ್ನು ಹೊರಗೆ ತಂದೆವು. ಕೊನೆಗೆ ಬಂದವಳು ಬೆಳಗಾವಿ ಕಡೆಯ ಶಿವಬಸವ್ವ. ಅವಳ ಬಲಗೈ ಮುಷ್ಟಿ ಬಿಗಿದಿತ್ತು. ಅದನ್ನು ಕಂಡು ರಾಯರ ಮುಖ ಅರಳಿತು.

"ನಿಲ್ಲಸ್ರಿ ಆಕಿನ್ನ! ಕೈಯಾಗ ಏನದ? ತಗಿ!"

ಶಿವಬಸವ್ವ ಮುಷ್ಟಿ ಬಿಚ್ಚಿದಳು. ರಕ್ತ ಮೆತ್ತಿದ ಹಿತ್ತಾಳೆ ಬಿಲ್ಲೆ.

"ಗೋದಕ್ಕ ಮನಿಗೆ ಹೋಗಿದ್ದಿಲ್ರಿ. ನೀವು ಕೀಲಿ ಹಾಕೂ ಮೊದ್ಲ ನಮ್ಮ ಜೋಡಿ ರೊಟ್ಟಿ ತಿನ್ನಾಕ ಒಳಗ ಬಂದಿದ್ಲು. ತೊಲಿ ಬುಡಕ ಸಿಕ್ಕು ನನ್ನ ಕೈ ಹಿಡಕೊಂಡಿದ್ಲು. ನೀವು ಆಕಿ ಹೆಸರು ಹೇಳೂದು ಕೇಳಸ್ತಿತ್ರಿ. 'ನಾ ಇಲ್ಲೇ ಅದೀನ್ರಿ ರಾಯರ, ಇಲ್ಲೇ ಅದೀನ್ರಿ' ಅನಕೋತ ಜೀವ ಬಿಟ್ಲು. ಆ ಗದ್ದಲದಾಗ ಯಾರಿಗೆ ಕೇಳಬೇಕ್ರಿ?"

ರಾಯರು ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡರು. ರಕ್ತವನ್ನು ಶಿವಬಸವ್ವನ ಸೆರಗಿಗೇ ಒರೆಸಿ, ಕಿಸೆಗೆ ಹಾಕಿಕೊಂಡರು.

"ಇದು ಗಿರಣಿ ಸಾಮಾನು," ಎಂದರು. "ಹೊರಗ ಒಯ್ಯೂಹಂಗಿಲ್ಲ."