ಹೂ ಬಲಕ್ಕೆ ಬಿದ್ದ ಮೇಲೆ

ಗ್ರೈಂಡರ್ ಇದ್ದ ಜಾಗದಲ್ಲಿ, ಅದನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟುಗಳು ಮಾತ್ರ ಉಳಿದಿದ್ದವು. ನಾನು ಅವನ್ನೇ ನೋಡುತ್ತ ನಿಂತೆ. ಗ್ರೈಂಡರ್ ಒಯ್ಯಲೆಂದು ನಾನು ಗೊತ್ತುಮಾಡಿದ ಟೆಂಪೋ ಹೊರಗೆ ಹಾರ್ನ್ ಹೊಡೆಯುತ್ತಿತ್ತು.

"ಬೆಳಿಗ್ಗೆ ಕಲ್ಯಾಣ್ ಕಡೆಯ ಹೋಟೆಲಿನವರು ಬಂದು ತಗೊಂಡು ಹೋದ್ರು ಪುಷ್ಪಕ್ಕ," ಎಂದ ಜಯಶೀಲಣ್ಣ. "ಬುಧವಾರದ ಒಳಗೆ ಹೇಳಿ ಅಂದಿದ್ದೆನಲ್ಲ? ನಿನ್ನೆ ಇಡೀ ದಿನ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ ಮಾರಾಯ್ತಿ."

ಹೌದು, ಅಂದಿದ್ದ. ಠಾಣೆ ಊರಿನ ವಾಗ್ಳೆ ಎಸ್ಟೇಟಿನ, ಕಾರ್ಖಾನೆಗಳ ನಡುವಿನ ಈ ಹೋಟೆಲನ್ನು ಅವನು ಮುಚ್ಚುತ್ತಿದ್ದ. ನನ್ನ ಗಂಡ ಕೊನೆಯವರೆಗೂ ಹಿಟ್ಟು ರುಬ್ಬಿದ್ದು ಇಲ್ಲಿಯೇ. ಅವರ ಉತ್ತರಕ್ರಿಯೆಗೆ ಬಂದಾಗ ಜಯಶೀಲಣ್ಣ ದೊಡ್ಡ ಗ್ರೈಂಡರನ್ನು ಮೊದಲು ನನಗೇ ಕೊಡುತ್ತೇನೆಂದು ಬೆಲೆಯನ್ನೂ ಹೇಳಿದ. ಹಿಟ್ಟು ಮಾರಿ ಬದುಕಬಹುದು ಎಂದ. ಆ ದಿನಗಳಲ್ಲಿ ಯಾರು ಏನಂದರೂ ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತಿತ್ತು.

ಕಳೆದ ಶನಿವಾರ, ಎಲ್ಲ ಶನಿವಾರಗಳಂತೆ, ಡೊಂಬಿವಲಿಯ ಗುಡಿಯಲ್ಲಿ ಪಾರಾಯಣಕ್ಕೆ ಕುಳಿತೆ. ಒಬ್ಬರು ಪದ್ಯ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಚಿಕ್ಕಂದಿನಿಂದ ಕೇಳಿದ ರಾಗ. ಮೈ ತಾನಾಗಿ ತೂಗಿತು, ಒಳಗೆ ಏನೂ ಇಳಿಯಲಿಲ್ಲ. ಮಂಗಳಾರತಿಯಾದ ಮೇಲೆ ಗ್ರೈಂಡರ್ ತಗೊಳ್ಳಲೇ ಎಂದು ದೇವರಲ್ಲಿ ಹೂಪ್ರಸಾದ ಕೇಳಿದೆ. ಹೂ ಬಲಕ್ಕೆ ಬಿತ್ತು. ಆಗಲಿ, ತಗೊಳ್ಳುತ್ತೇನೆ ಎಂದು ಕೈಮುಗಿದೆ.

ಅಲ್ಲಿಗೆ ಅದು ಮುಗಿಯಿತು ಎಂದುಕೊಂಡೆ. ನಾನು ಕೇಳಿ ಬೆಳೆದ ಕಥೆಗಳಲ್ಲಿ ದೇವರ ಮುಂದೆ ಆಡಿದ ಮಾತು ಮೂರು ಲೋಕಕ್ಕೂ ಗೊತ್ತಾಗುತ್ತದೆ. ಯಾರೂ ಯಾರಿಗೂ ಬೇರೆ ಹೇಳಿ ಕಳಿಸುವುದಿಲ್ಲ. ಅಂಬರನಾಥದ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಫೋನ್ ಮಾಡಿ, ಸೋಮವಾರದಿಂದ ಹಿಟ್ಟು ಕೊಡುತ್ತೇನೆಂದೆ. ಟೆಂಪೋದವನಿಗೆ ಗುರುವಾರ ಬಾ ಎಂದೆ. ಜಯಶೀಲಣ್ಣನೊಬ್ಬನಿಗೆ ಏನೂ ಹೇಳಲಿಲ್ಲ.

ಜತೆಗೆ ಬಂದಿದ್ದ ನಾದಿನಿಯ ಮಗಳು ಸಂಜನಾ ಠಾಣೆಯ ಕಾಲೇಜಿನಲ್ಲಿ ಲಾ ಓದುತ್ತಾಳೆ. ಅವಳು ಮುಂದೆ ಬಂದಳು. "ಅಂಕಲ್, ಆಫರ್ ನೀವೇ ಕೊಟ್ಟದ್ದು. ಅತ್ತೆ ಒಪ್ಪಿದ್ರೆ ಕಾಂಟ್ರಾಕ್ಟ್ ಹೋ ಗಯಾ ನಾ? ಬೇರೆಯವರಿಗೆ ಹೇಗೆ ಕೊಟ್ರಿ?"

"ಒಪ್ಪಿದ್ದು ಯಾರ ಹತ್ರ ಅಂತ ಕೇಳು ನಿನ್ನ ಅತ್ತೆಯನ್ನ."

"ಅತ್ತೆ, ಕಿಸ್ಕೋ ಬೋಲಾ?"

"ದೇವರ ಹತ್ರ," ಎಂದೆ.

ಸಂಜನಾಳ ಸ್ವರ ತಗ್ಗಿತು. "ಹಾಗಾಗಲ್ಲ ಅತ್ತೆ. ಸಾಮ್ನೆವಾಲೇ ಕೋ ಪತಾ ಚಲ್ನಾ ಚಾಹಿಯೇ. ಎದುರಿನವ್ರಿಗೆ ಹೇಳದೆ ಮನಸ್ಸಲ್ಲಿ ಒಪ್ಪಿದ್ದು ಲಾದಲ್ಲಿ ಝೀರೋ."

"ದೇವರಾದ್ರೂ ನಂಗೊಂದು ಮಿಸ್ಡ್ ಕಾಲ್ ಕೊಡಬಾರ್ದಿತ್ತಾ!" ಎಂದ ಜಯಶೀಲಣ್ಣ. ಆಮೇಲೆ ತಲೆ ಕೆರೆದುಕೊಂಡು ಒಳಗೆ ಹೋದ.

ಅಳು ಬರಬಹುದೆಂದು ಕಾದೆ. ಬರಲಿಲ್ಲ. ಕ್ಯಾಂಟೀನ್ ನಡೆಸುವ ರೇವಣಸಿದ್ದನಿಗೆ ಫೋನ್ ಹಚ್ಚಿದೆ.

"ದೊಡ್ಡ ಮಷೀನು ಸಿಗಲಿಲ್ಲ. ಸೋಮವಾರ ಹಿಟ್ಟು ಆಗ್ಲಿಕ್ಕಿಲ್ಲ."

"ಅದ್ಹೆಂಗ್ರೀ ಅಕ್ಕಾರ? ಕೊಡ್ತೀನಿ ಅಂತ ನೀವ ಅಂದ್ರಿ, ಹೂಂ ಅಂತ ನಾ ಅಂದೀನಿ. ಹಳೇ ಹಿಟ್ಟಿನಾಂವನ್ನ ಬಿಡಿಸೀನಿ. ಈಗ ಇಲ್ಲ ಅಂದ್ರ ಕೆಲಸಗಾರರಿಗೆ ನನ್ನ ತಲಿ ರುಬ್ಬಿ ಇಡ್ಲಿ ಹಾಕ್ಲೇನು?"

ಪಕ್ಕದಲ್ಲೇ ನಿಂತಿದ್ದ ಸಂಜನಾಳಿಗೂ ಅದು ಕೇಳಿಸಿತು. "ಇದು ಮಾತ್ರ ಪಕ್ಕಾ ಕಾಂಟ್ರಾಕ್ಟ್, ಅತ್ತೆ," ಎಂದಳು ಮೆಲ್ಲಗೆ. "ಅವ್ರು ಬಿಡದಿದ್ರೆ ಕೊಡ್ಲೇಬೇಕು."

ಜಯಶೀಲಣ್ಣ ಒಳಗಿನಿಂದ ಒಂದು ಚಿಕ್ಕ ಗ್ರೈಂಡರ್ ಎತ್ತಿಕೊಂಡು ಬಂದ. ಚಟ್ನಿಗೆ ಇಟ್ಟುಕೊಂಡದ್ದು, ಮೇಜಿನ ಮೇಲಿಡುವಂಥದ್ದು. "ಇದೊಂದು ಉಂಟು. ಗುಜರಿಯವ ಕೊಡುವ ರೇಟಿಗೇ ಕೊಡ್ತೇನೆ. ಅವ ಈಗ ಬರ್ತಾನೆ. ಬೇಕಾದ್ರೆ ಈಗ್ಲೇ ಹೇಳಿ ಪುಷ್ಪಕ್ಕ."

ಅದರ ಪಾತ್ರೆಯೊಳಗೆ ನೋಡಿದೆ. ಕ್ಯಾಂಟೀನಿನ ಅಕ್ಕಿಯನ್ನು ಇದರಲ್ಲಿ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರೆ ಭಾನುವಾರ ಪೂರ್ತಿ ಹೋಗುತ್ತದೆ. ಪ್ರತಿ ದಿನವೂ ಹಾಗೆಯೇ. ಪಾರಾಯಣದ ಶನಿವಾರವೂ.

ಅಭ್ಯಾಸದಂತೆ ಕೈಗಳು ಜೋಡಿಕೊಳ್ಳಲು ಹೊರಟಿದ್ದವು. ಕೆಳಗಿಳಿಸಿದೆ.

"ತಗೊಳ್ತೇನೆ ಅಣ್ಣ," ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

"ಕೇಳ್ತು, ಕೇಳ್ತು," ಎಂದು ಅವನು ವೈರ್ ಸುತ್ತತೊಡಗಿದ.