ಐದನೆಯ ಡಬ್ಬಿಯ ರೀಲು

"ಆ ಡಬ್ಬಿ ಬೇಡ. ಅದು ಹಾಳಾಗಿದೆ," ಅಂದರು ಅಪ್ಪ.

ಅಷ್ಟರಲ್ಲಿ ಮಗಳು ಐದನೆಯ ರೀಲನ್ನು ಪ್ರೊಜೆಕ್ಟರಿಗೆ ಪೋಣಿಸಿಯಾಗಿತ್ತು. "ಹಾಳಾಗಿದ್ರೆ ಗೊತ್ತಾಗತ್ತೆ ಬಿಡಿ ಅಪ್ಪ. ನಾಳೆ ಸೈನಿಕರ ಸಂಘದಲ್ಲಿ ಎಲ್ಲರ ಮುಂದೆ ತೋರಿಸ್ಬೇಕು, ಒಂದ್ಸಲ ನೋಡಿಬಿಡೋಣ."

ಕಿಟಕಿಗಳಿಗೆ ಕಂಬಳಿ ಕಟ್ಟಿ ಹಾಡಹಗಲನ್ನೇ ಕತ್ತಲು ಮಾಡಿದ್ದರು. ಊಟವಾದಾಗಿನಿಂದ ಬರಿಗೋಡೆಯ ಮೇಲೆ, ಅಪ್ಪ ಸಿಪಾಯಿಯಾಗಿ ಹೋಗಿದ್ದ ಹೊರದೇಶದ ಯುದ್ಧ ನಡೆದಿತ್ತು. ಯುದ್ಧವೇನು ಮಣ್ಣು! ಬರೀ ಸಿಪಾಯಿಗಳು ಕಾಲುಚೀಲ ಒಗೆಯುವುದು, ಆಲೂಗಡ್ಡೆ ಸುಲಿಯುವುದು, ಲಾರಿಯ ಮೇಲೆ ಬಾಯಿ ಬಿಟ್ಟುಕೊಂಡು ಮಲಗುವುದು. ಯಾವುದರಲ್ಲೂ ಅಪ್ಪ ಇಲ್ಲ. ಇರುವುದಾದರೂ ಹೇಗೆ, ಚಿತ್ರ ತೆಗೆದವರು ಅವರೇ ತಾನೆ? ಶಾಲೆಯಲ್ಲಿ ಯಾರಾದರೂ, ನಿಮ್ಮಪ್ಪ ಎಷ್ಟು ಜನರನ್ನು ಕೊಂದರು ಎಂದು ಕೇಳಿದರೆ ಮಗಳು ತಲೆಯೆತ್ತಿ, "ನಮ್ಮಪ್ಪನ ಕೈಯಲ್ಲಿದ್ದದ್ದು ಕ್ಯಾಮೆರಾ," ಅನ್ನುತ್ತಿದ್ದಳು. ಅಪ್ಪ ಅದನ್ನು ಅಲ್ಲವೆಂದಿರಲಿಲ್ಲ. ಹೌದೆಂದೂ ಅಂದಿರಲಿಲ್ಲ, ಅದು ಅವಳ ಗಮನಕ್ಕೆ ಬಂದಿರಲಿಲ್ಲ ಅಷ್ಟೆ.

"ಎರಡು ವರ್ಷ ಹೋಗಿದ್ರಂತೆ, ಒಂದು ರೀಲಲ್ಲೂ ಮುಖ ಇಲ್ಲ," ಅಮ್ಮ ಕಾಲೆಳೆದಳು. "ಇಲ್ಲೇ ಎಲ್ಲೋ ತಲೆಮರೆಸ್ಕೊಂಡಿದ್ರೋ ಏನೋ."

ಇಷ್ಟು ಹೊತ್ತು ನಗುತ್ತಿದ್ದ ಅಪ್ಪ ಈಗ ನಗಲಿಲ್ಲ.

ಗೋಡೆಯ ಮೇಲೆ ಇನ್ನೊಂದು ಗೋಡೆ ಮೂಡಿತು. ಅದರ ಬುಡದಲ್ಲಿ ನಾಲ್ವರು ಮಂಡಿಯೂರಿದ್ದರು, ಕೈ ಹಿಂದಕ್ಕೆ ಕಟ್ಟಿತ್ತು. ಕೊನೆಯವನ ಒಂದು ಕಾಲಿಗೆ ಬೂಟಿಲ್ಲ. ಆಮೇಲೆ ಚಿತ್ರ ಅಲುಗಾಡಿತು. ನೆಲ, ಯಾರದೋ ಹೆಬ್ಬೆರಳು, ಆಕಾಶ. ಅಪ್ಪ ಕ್ಯಾಮೆರಾವನ್ನು ಬೇರೆ ಯಾರದೋ ಕೈಗೆ ಕೊಡುತ್ತಿದ್ದಾರೆ ಎಂದು ಮಗಳಿಗೆ ಹೊಳೆಯಿತು.

ಅಲುಗಾಟ ನಿಂತಾಗ ಎಡಗಡೆಯಿಂದ ಒಬ್ಬ ತರುಣ ಬಂದ. ಕಾಲರು ಸರಿಮಾಡಿಕೊಂಡು, ಬಂದೂಕು ಹಿಡಿದು, ಫೋಟೋಕ್ಕೆ ನಿಂತವನಂತೆ ನಕ್ಕ.

"ಅಗೋ ನೋಡೇ, ನಿಮ್ಮಪ್ಪ!" ಅಮ್ಮನ ಕಣ್ಣಿಗೆ ಬೇರೇನೂ ಬಿದ್ದಿರಲಿಲ್ಲ. "ಎಷ್ಟು ಲಕ್ಷಣವಾಗಿದ್ರು ಅಲ್ವಾ."

ತರುಣ ಮಂಡಿಯೂರಿದವರ ಕಡೆ ತಿರುಗಿ ಬಂದೂಕೆತ್ತಿದ. ಮಗಳು ಸರಕ್ಕನೆ ಲೆನ್ಸಿಗೆ ಅಂಗೈ ಅಡ್ಡ ಹಿಡಿದಳು. ಗೋಡೆ ಕಪ್ಪಾಯಿತು. ರೀಲು ಮಾತ್ರ ಕಟಕಟ ಸುತ್ತುತ್ತಲೇ ಇತ್ತು.

"ಯಾಕೆ ನಿಲ್ಲಿಸ್ದೆ?"

"ಹಾಳಾಗಿದೆ ಅಮ್ಮ." ಅಪ್ಪ ಹೂಂ ಅನ್ನಲಿ ಎಂದು ಅವಳು ಕಾದಳು. ದೇವರೇ, ಒಂದು ಹೂಂ ಸಾಕಿತ್ತು.

ಅಪ್ಪ ಕುರ್ಚಿಯಿಂದ ಎದ್ದರು. ಕತ್ತಲಲ್ಲಿ ತಡವರಿಸುತ್ತ ಬಂದು ಅವಳ ಮಣಿಕಟ್ಟು ಹಿಡಿದರು. ಅವರ ಕೈ ತಣ್ಣಗಿತ್ತು.

"ಕೈ ತೆಗಿ ಮಗಳೇ. ಅವಳೂ ನೋಡ್ಲಿ. ಮುಚ್ಚಿಟ್ಟು ಮುಚ್ಚಿಟ್ಟು ನಂಗೆ ಸಾಕಾಗಿದೆ."

ಅವಳ ಕೈಯನ್ನು ತಾವೇ ಪಕ್ಕಕ್ಕೆ ಸರಿಸಿ, ಅಮ್ಮ ಕೂತಿದ್ದ ಬೆಂಚಿನ ಬಳಿ ಹೋದರು. ಅಮ್ಮ, ಮುಖದ ನಗು ಇನ್ನೂ ಆರದೆ, ಅವರಿಗೆ ಜಾಗ ಬಿಟ್ಟು ಸರಿದು ಕೂತಳು.