ಗಾದಿ ಏರಿದ ನಾಯಿ

ಬೆಟಗೇರಿಯ ದೇವೇಂದ್ರಪ್ಪನವರ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಒಂದೇ ಕಟ್ಟಳೆ. ಬಂದವರು ಯಾರೇ ಇರಲಿ, ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಬಟ್ಟೆ ಹೊದಿಸಿದ ಗಾದಿಯ ಮೇಲೆ ಕೂತು ಸೀರೆ ನೋಡಬೇಕು. ನಾಯಿಗಳಿಗೆ ಅಂತ ಕಟ್ಟಳೆ ಇರಲಿಲ್ಲ. ಅಂಥ ಪ್ರಸಂಗವೇ ಬಂದಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅದೂ ಬಂತು. ಗದುಗಿನ ಕಾಲೇಜಿನಲ್ಲಿ ಪಾಠ ಹೇಳುವ ಜಾಹ್ನವಿ ಎಂಬ ಹೆಣ್ಣುಮಗಳು ಬೆಲ್ಲದ ಬಣ್ಣದ ಒಂದು ಮುದಿ ನಾಯಿಯನ್ನು ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಚಪ್ಪಲಿ ಬಿಟ್ಟು, ಚೀಲದಿಂದ ಒದ್ದೆ ಅರಿವೆ ತೆಗೆದಳು. ಅವಳು ಬಗ್ಗುವ ಮೊದಲೇ ನಾಯಿ ಬಲಗಾಲು ಎತ್ತಿತು. ಅದನ್ನು ಒರೆಸಿದ ಮೇಲೆ ಎಡಗಾಲು, ಆಮೇಲೆ ಹಿಂದಿನವು. ಬೇಡ ಅನ್ನಲು ಬಾಯಿ ತೆರೆದಿದ್ದ ದೇವೇಂದ್ರಪ್ಪನವರು ಹಾಗೇ ನೋಡುತ್ತ ಉಳಿದರು. ಅಷ್ಟರಲ್ಲಿ ನಾಯಿ ಗಾದಿಯ ಅಂಚಿನಲ್ಲಿ ಮುದುಡಿ ಮಲಗಿಬಿಟ್ಟಿತ್ತು.

ಗಾದಿಯ ಇನ್ನೊಂದು ತುದಿಯಲ್ಲಿ ಡೋಣಿ ಎಂಬ ಹಳ್ಳಿಯ ಉಡಚವ್ವ ಕೂತಿದ್ದಳು. ಊರ ದೇವಿಗೆ ಉಡಿಸಲು ಹಸಿರು ಸೀರೆ ಆರಿಸುತ್ತಿದ್ದವಳು ದಿಗ್ಗನೆ ಎದ್ದು ಸೀರೆಯನ್ನು ಎದೆಗವಚಿಕೊಂಡಳು.

ಜಾಹ್ನವಿ ಮುಜುಗರದಿಂದ ಹೇಳಿದಳು. "ಇದಕ್ಕ ಕಣ್ಣು ಕಾಣಂಗಿಲ್ಲರೀ. ಹೊರಗ ಕಟ್ಟಿದ್ರ ಗಾಬರಿಯಾಗಿ ಹಗ್ಗ ಜಗ್ತದ, ಕೊರಳಿಗೆ ಉರುಲು ಬೀಳ್ತದ."

ಕಣ್ಣು ಕಾಣದ ನಾಯಿ ಕಾಲೆತ್ತುವ ಸರದಿ ಹೇಗೆ ಕಲಿಯಿತು ಎಂದು ದೇವೇಂದ್ರಪ್ಪನವರಿಗೆ ಕುತೂಹಲ. ಒದ್ದೆ ಅರಿವೆಯ ವಾಸನೆ ಹಿಡಿದು ಎತ್ತುತ್ತದೆ ಎಂದಳು ಅವಳು. ಅವರಿಗೆ ಇನ್ನೂ ಕೇಳುವುದಿತ್ತು, ನಾಯಿ ಅಲ್ಲೇ ಇರಲಿ ಅನ್ನಿಸಿತು. ಉಡಚವ್ವನ ಮನೆದೇವರು ಮೈಲಾರಲಿಂಗ ಎಂಬುದು ನೆನಪಾಗಿ, ಅವಳನ್ನು ಒಲಿಸಲು ನೋಡಿದರು. ನಿಮ್ಮ ದೇವರಿಗೆ ನಾಯಿ ಅಂದರೆ ಪ್ರೀತಿ ಅಲ್ಲವೇ ಎಂದರು.

"ಖರೆ ಐತಿ," ಎಂದಳು ಉಡಚವ್ವ. "ಆದ್ರ ಅಪ್ಪನ ನಾಯಿ ಗುಡಿ ಹೊರಗ ಕುಂಡರತೈತಿ, ಗಾದಿ ಮ್ಯಾಲಲ್ಲ."

ಜಾಹ್ನವಿ ನಾಯಿಯನ್ನು ಎಬ್ಬಿಸಿ ಹೊರಟಳು. ಆ ಹೆಣ್ಣುಮಗಳನ್ನು ಹಾಗೇ ಕಳಿಸಲು ದೇವೇಂದ್ರಪ್ಪನವರಿಗೆ ಮನಸ್ಸಾಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಚಾಪೆ ಹಾಸಿ, ಇಳಕಲ್ ಸೀರೆಗಳನ್ನು ತೋಳ ಮೇಲೆ ಹೇರಿಕೊಂಡು ತಾವೇ ಅಲ್ಲಿಗೆ ಬಂದು ಕೂತರು. ಓಣಿಯ ಜನ ನಿಂತು ನೋಡಿದರು. ಒಳಗೆ ದೀಪದ ಬೆಳಕಿನಲ್ಲಿ ಕಪ್ಪಗೆ ಕಾಣುತ್ತಿದ್ದ ಸೀರೆಯೊಂದು ಬಿಸಿಲಿಗೆ ಬದನೆಕಾಯಿ ಬಣ್ಣವಾಯಿತು. ಜಾಹ್ನವಿ ಅದನ್ನೇ ಆರಿಸಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಉಡಚವ್ವ ತನ್ನ ಹಸಿರು ಸೀರೆಯನ್ನೂ ಹೊರಗೆ ತಂದು ಬಿಚ್ಚಿದಳು. ಮಡಿಕೆಯ ಉದ್ದಕ್ಕೂ ಬಣ್ಣ ತೆಳುವಾಗಿತ್ತು. ದೇವೇಂದ್ರಪ್ಪನವರ ಮುಖ ಬಾಡಿತು. ಅದು ತಮ್ಮ ಕಣ್ಣಿಗೇ ಬಿದ್ದಿರಲಿಲ್ಲವೆಂದು ಹೇಳಿ, ಬೇರೆ ಹಸಿರು ಸೀರೆಗಳನ್ನು ತಂದು ಒಂದೊಂದನ್ನೂ ಬಿಸಿಲಿಗೆ ಹಿಡಿದು ತೋರಿಸಿದರು. ಈ ನಡುವೆ ನಾಯಿ ಉಡಚವ್ವನ ಕಡೆ ಮೂಗು ಚಾಚಿತು. ಅವಳು ಸೆರಗು ಎಳೆದುಕೊಂಡಳು, ಆದರೆ ದೂರ ಸರಿಯಲಿಲ್ಲ. ತನ್ನ ಬುತ್ತಿಗಂಟಿನಲ್ಲಿದ್ದ ರೊಟ್ಟಿಯ ವಾಸನೆ ಇದಕ್ಕೆ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಗೊತ್ತಾಗುತ್ತದೆ ಎಂದು ಜಾಹ್ನವಿ ಹೇಳಿದಾಗ ಒಂದು ತುಂಡು ಮುರಿದು, ಕೈಗೆ ಬಾಯಿ ತಾಗದಂತೆ ನೆಲದ ಮೇಲಿಟ್ಟು, ಅದು ಹುಡುಕುವುದನ್ನು ಕೊನೆಯವರೆಗೂ ನೋಡಿದಳು.

ಹೊರಡುವಾಗ ಉಡಚವ್ವ ದೇವೇಂದ್ರಪ್ಪನವರಿಗೆ ಹೇಳಿದಳು. "ನಾಯಿ ಒಳಗ ಬರಬಾರದು, ನನ್ನ ಮಾತು ಈಗೂ ಅದನ. ಆದ್ರ ಸೀರಿನೂ ಒಳಗ ನೋಡಬಾರದು ಬಿಡ್ರಿ."

ಮಾರನೆಯ ದಿನ ಅವರು ಕಟ್ಟೆಯ ಮೇಲೊಂದು ಚಿಕ್ಕ ಗಾದಿ ಹಾಕಿಸಿದರು. ದೀಪಾವಳಿಯ ಹೊತ್ತಿಗೆ ಮೂರು ನಾಯಿಗಳು ಬಂದು ಹೋದವು. ಒಂದು ತೆಪ್ಪಗೆ ನಿದ್ದೆ ಹೊಡೆಯಿತು. ಇನ್ನೊಂದು ಕಂಡಕಂಡವರಿಗೆಲ್ಲ ಬೊಗಳಿತು. ಅದನ್ನು ಮನೆಯಲ್ಲಿ ಬಿಟ್ಟು ಬರಲು ಯಜಮಾನನಿಗೆ ಹೇಳಬೇಕಾಯಿತು. ಮೂರನೆಯದು ಗಾದಿ ಹತ್ತಲೇ ಇಲ್ಲ, ದೇವೇಂದ್ರಪ್ಪನವರ ಚಪ್ಪಲಿಯ ಮೇಲೆ ಗದ್ದವೂರಿ ಮಲಗಿತು. ಕಟ್ಟಳೆ ಏನಿರಬೇಕೆಂದು ಅವರಿನ್ನೂ ತೀರ್ಮಾನಿಸಿಲ್ಲ. ನಾಯಿ ಬಂದಾಗ ಮಾತ್ರ ಮೊದಲು ಅದರ ಹೆಸರು ಕೇಳುತ್ತಾರೆ.